ಬೆಟ್ಟದ ಇಳಿಜಾರಿನಲ್ಲಿ ಹೊತ್ತಿದ ದೀಪ

ಚಾಮುಂಡಿ ಬೆಟ್ಟದಿಂದ ಮೈಸೂರಿಗೆ ಇಳಿಯುತ್ತಿದ್ದಾಗ ನಮ್ಮ ಕಾರಿನ ಫಲಕದಲ್ಲಿ ಹಳದಿ ದೀಪವೊಂದು ಹೊತ್ತಿತು. ಬ್ರೇಕ್ ಪ್ಯಾಡು ಸವೆದಿದೆಯೆಂಬುದು ಅದರ ಸೂಚನೆ. 1,000 ಕಿಲೋಗ್ರಾಂ ತೂಕದ ಕಾರು ಸುಮಾರು 300 ಮೀಟರ್ ಕೆಳಗಿಳಿಯುವಾಗ ಬಿಟ್ಟುಕೊಡುವ ಶಕ್ತಿ ಸುಮಾರು 30 ಲಕ್ಷ ಜೂಲ್. 9 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ಕಾಯಿಸಲು ಇಷ್ಟು ಸಾಕು! ಎಂಜಿನ್ ತಡೆಯದಿದ್ದರೆ ಇದರ ಬಹುಭಾಗವು ಬ್ರೇಕುಗಳಲ್ಲಿಯೇ ಉಷ್ಣವಾಗಿ ಪರಿಣಮಿಸುತ್ತದೆ. ಆದುದರಿಂದ ಎರಡನೆಯ ಗೇರಿನಲ್ಲಿ ಮೆಲ್ಲನೆ ಇಳಿದೆವು.

ಇಂಥ ಕಾರುಗಳ ಪ್ಯಾಡಿನೊಳಗೆ ತಂತಿಯ ಕುಣಿಕೆಯೊಂದು ಹುದುಗಿರುತ್ತದೆ. ಪ್ಯಾಡಿನ ದಪ್ಪ 3 ಮಿಲಿಮೀಟರಿನ ಆಸುಪಾಸಿಗೆ ಬಂದಾಗ, ತಿರುಗುವ ತಟ್ಟೆಯು ಆ ತಂತಿಯನ್ನು ತೇಯ್ದು ಕಡಿಯುತ್ತದೆ. ವಿದ್ಯುನ್ಮಂಡಲ ಮುರಿದು ದೀಪ ಹೊತ್ತುತ್ತದೆ. ಆದರೆ ಚಕ್ರದ ಬಳಿ ಕಲ್ಲು ತಗುಲಿ ತಂತಿ ಕಡಿದರೂ ಅದೇ ದೀಪವೇ! ದೀಪಕ್ಕೆ ವ್ಯತ್ಯಾಸ ತಿಳಿಯದು. ಪ್ಯಾಡನ್ನೇ ಅಳೆದು ನೋಡಬೇಕು.

ನೋಡಿದೆವು. ಹೊರಬದಿಯ ಪ್ಯಾಡು ಇನ್ನೂ 8 ಮಿಲಿಮೀಟರ್ ಇತ್ತು. ದೀಪ ಸುಳ್ಳಾಡಿತೆಂದು ಹಿಗ್ಗಿದೆವು. ಮೆಕ್ಯಾನಿಕ್ ನಕ್ಕು, ಚಕ್ರ ಕಳಚಿ ಒಳಬದಿಯದನ್ನು ತೋರಿಸಿದರು: ಎರಡೇ ಮಿಲಿಮೀಟರ್! ಕ್ಯಾಲಿಪರ್ ಜಾರಬೇಕಾದ ಪಿನ್ನು ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಆದುದರಿಂದ ಒಳಪ್ಯಾಡು ಮಾತ್ರ ಬೇಗ ಸವೆದಿತ್ತು. ಪಿನ್ನನ್ನು ಉಜ್ಜಿ ಗ್ರೀಸು ಸವರಿ, ಎರಡೂ ಚಕ್ರಗಳ ಪ್ಯಾಡುಗಳನ್ನು ಬದಲಿಸಿದರು. ತಂತಿಯನ್ನೂ ಹೊಸದಾಗಿ ಹಾಕಿದ ಮೇಲೆಯೇ ದೀಪ ಆರಿತು.