ಹ್ಯೂಜ್ ಪೇಜ್ ಹಾಕಿದರೆ ಮೆಮೊರಿ ಉಳಿಯುತ್ತದೆಯೇ?

"ಎಂಟ್ ಜಿಬಿ ಅಂತ ಹೇಳಿ ಏಳೂವರಿ ಕೊಟ್ಟಾನ್ರೀ ಅಂಗಡ್ಯಾಂವ." ಗುತ್ತಲ, ಹಾವೇರಿ ಕಡೆಯ ಹುಡುಗರು ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದ ದಿನವೇ ಎತ್ತುವ ತಕರಾರು ಇದು. ಅಂಗಡಿಯವನದೇನೂ ತಪ್ಪಿಲ್ಲ. ಒಂದಿಷ್ಟನ್ನು ಗ್ರಾಫಿಕ್ಸ್ ಮತ್ತು ಫರ್ಮ್‌ವೇರ್ ಮೊದಲೇ ಎತ್ತಿಟ್ಟುಕೊಂಡಿರುತ್ತವೆ. ಇನ್ನೊಂದಿಷ್ಟು ಕರ್ನಲ್‌ನ ಲೆಕ್ಕಪತ್ರಕ್ಕೇ ಹೋಗುತ್ತದೆ. ಕರ್ನಲ್ ಮೆಮೊರಿಯನ್ನು 4 ಕೆಬಿ ಪುಟಗಳಾಗಿ ನೋಡುತ್ತದೆ. ಪುಟಕ್ಕೊಂದರಂತೆ ‘ಸ್ಟ್ರಕ್ಟ್ ಪೇಜ್’ ಎಂಬ 64 ಬೈಟ್‌ಗಳ ದಾಖಲೆ ಇಡುತ್ತದೆ. 8 ಜಿಬಿಗೆ ಇದೊಂದೇ 128 ಎಂಬಿ ಆಯಿತು.

ಸ್ವಲ್ಪ ಓದಿಕೊಂಡವರ ನಂಬಿಕೆ ಬೇರೆ: 2 ಎಂಬಿಯ ಹ್ಯೂಜ್ ಪೇಜ್ ಬಳಸಿದರೆ 512 ದಾಖಲೆಗಳ ಜಾಗಕ್ಕೆ ಒಂದೇ ಸಾಕು. ಹಾಗಿಲ್ಲ. ಹ್ಯೂಜ್ ಪೇಜ್ ಹುಟ್ಟಿದ್ದೇ ವೇಗಕ್ಕಾಗಿ. ವಿಳಾಸ ಹುಡುಕಲು ಪ್ರೊಸೆಸರ್ ಇಟ್ಟುಕೊಳ್ಳುವ ಟಿಎಲ್‌ಬಿಯಲ್ಲಿ ಒಂದು ನಮೂದು 2 ಎಂಬಿಯಷ್ಟನ್ನೂ ನಿಭಾಯಿಸುತ್ತದೆ. ದಾಖಲೆಗಳು ಮಾತ್ರ 512 ಇದ್ದದ್ದು ಹಾಗೇ ಇರುತ್ತವೆ: 32 ಕೆಬಿ, ಅಂದರೆ ಎಂಟು ಪುಟ. ಅವುಗಳಲ್ಲಿ ಬಹುಪಾಲು ಒಂದರ ನಕಲು ಇನ್ನೊಂದು. ಬೈಟ್‌ಡಾನ್ಸ್ ಕಂಪನಿಯ ಮುಚುನ್ ಸಾಂಗ್ ಇದನ್ನೇ ಹಿಡಿದರು. 2021ರ ಲಿನಕ್ಸ್ 5.14ರಲ್ಲಿ ಬಂದ ಅವರ ವ್ಯವಸ್ಥೆ ನಕಲು ಪುಟಗಳನ್ನೆಲ್ಲ ಒಂದೇ ಪುಟದತ್ತ ತಿರುಗಿಸಿ ಉಳಿದದ್ದನ್ನು ಬಿಡಿಸಿಕೊಳ್ಳುತ್ತದೆ. ಈಗ ಎಂಟರಲ್ಲಿ ಏಳು ಪುಟ ಕೈಗೆ ಬರುತ್ತವೆ. 1 ಟಿಬಿಯನ್ನು ಪೂರ್ತಿ ಹೀಗೆ ಕಾದಿರಿಸಿದರೆ 14 ಜಿಬಿ ಉಳಿತಾಯ.

ಆದರೆ ಆ ಹ್ಯೂಜ್ ಪೇಜನ್ನು ಒಡೆದು ಸಾಮಾನ್ಯ ಪುಟಗಳಾಗಿ ಕರ್ನಲ್‌ಗೆ ಮರಳಿಸುವಾಗ ಆ ಏಳೂ ಮತ್ತೆ ಬೇಕು. ಮೆಮೊರಿ ಬಿಡಿಸಲಿಕ್ಕೇ ಮೆಮೊರಿ ಬೇಕು, ಅದೂ ಮೆಮೊರಿಗೆ ತತ್ವಾರ ಬಂದ ಹೊತ್ತಿನಲ್ಲೇ! ಸಿಗದಿದ್ದರೆ ಪೇಜ್ ಬಿಡುಗಡೆಯಾಗುವುದಿಲ್ಲ. ಹಾಗಾಗಿ ಬೂಟ್ ಆಗುವಾಗಲೇ ಕಾದಿರಿಸಿ ಆಮೇಲೆ ಮುಟ್ಟದ ಸರ್ವರ್‌ಗೆ ಇದು ಹೇಳಿ ಮಾಡಿಸಿದ್ದು. ದಿನವಿಡೀ ಹ್ಯೂಜ್ ಪೇಜ್ ಕಟ್ಟಿ ಒಡೆಯುವ ಯಂತ್ರಕ್ಕಲ್ಲ. ಅಲ್ಲದೆ ಇದು ಮೊದಲೇ ಕಾದಿರಿಸಿದ ಹ್ಯೂಜ್‌ಟಿಎಲ್‌ಬಿ ಪುಟಗಳಿಗೆ ಮಾತ್ರ. ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ತಾನಾಗಿ ಓಡುವ ‘ಟ್ರಾನ್ಸ್‌ಪರೆಂಟ್ ಹ್ಯೂಜ್ ಪೇಜ್’ಗೆ ಇದರಿಂದ ದಮ್ಮಡಿ ಲಾಭವಿಲ್ಲ.

ಈ ಟ್ರಾನ್ಸ್‌ಪರೆಂಟ್ ಬಗೆಯದ್ದೇ ನಿಜವಾದ ತಲೆನೋವು. ಡೇಟಾ ಅಳಿಸಿದರೆ ಮೆಮೊರಿ ವಾಪಸ್ ಬಂತು, ಅಷ್ಟೇ ಕತೆ ಎಂದುಕೊಂಡಿರುತ್ತೇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಶಿಶ್ ಪನ್ವಾರ್, ಕೆ. ಗೋಪಿನಾಥ್ ಮತ್ತು ಐಐಟಿ ದೆಹಲಿಯ ಸೋರವ್ ಬನ್ಸಲ್ 2019ರಲ್ಲಿ ‘ಹಾಕ್‌ಐ’ ಎಂಬ ಪ್ರಬಂಧದಲ್ಲಿ ಅದು ಹಾಗಲ್ಲವೆಂದು ರೆಡಿಸ್ ಎಂಬ ಡೇಟಾಬೇಸ್ ಮೇಲೆ ಪರೀಕ್ಷಿಸಿ ತೋರಿಸಿದರು. ರೆಡಿಸ್‌ಗೆ ಕೀಗಳನ್ನು ತುಂಬಿ, ಬಹುಪಾಲು ಅಳಿಸಿದರು. ಮೆಮೊರಿ ಬಳಕೆ ಕಡಿಮೆಯೂ ಆಯಿತು. ಅಷ್ಟರಲ್ಲಿ ಹಿನ್ನೆಲೆಯಲ್ಲಿ ಓಡುವ ‘ಕೆಹ್ಯೂಜ್‌ಪೇಜ್‌ಡಿ’ ಅಲ್ಲಲ್ಲಿ ಉಳಿದ ಪುಟಗಳ ಸುತ್ತ ಮತ್ತೆ ಹ್ಯೂಜ್ ಪೇಜ್ ಕಟ್ಟತೊಡಗಿತು. ಒಂದು ಚೀಲ ಬ್ಯಾಡಗಿ ಮೆಣಸಿನಕಾಯಿಗೆ ಒಂದು ಲಾರಿ ಹಿಡಿದಂತೆ. ಮತ್ತೆ ಡೇಟಾ ತುಂಬಲು ಹೋದಾಗ ಮಾಮೂಲಿ ಲಿನಕ್ಸ್‌ನಲ್ಲಿ ಮೆಮೊರಿಯೇ ಮುಗಿದಿತ್ತು.

ಅವರ ಉಪಾಯ ಸರಳ. ಬಳಕೆಯಾಗದ ಪುಟದಲ್ಲಿ ಬರೀ ಸೊನ್ನೆ ಇರುತ್ತದೆ. ಮೆಮೊರಿ ಬಿಗಿಯಾದಾಗ ಹ್ಯೂಜ್ ಪೇಜ್‌ಗಳನ್ನು ಜಾಲಾಡಿ, ಸೊನ್ನೆ ತುಂಬಿದವು ಹೆಚ್ಚಿದ್ದರೆ ಒಡೆದು ಆ ಪುಟಗಳನ್ನು ವಾಪಸ್ ಪಡೆಯುವುದು. ಜಾಲಾಡುವುದು ದುಬಾರಿ ಅನ್ನಿಸೀತು. ಆದರೆ ಬಳಕೆಯಲ್ಲಿರುವ ಪುಟದಲ್ಲಿ ಸೊನ್ನೆಯಲ್ಲದ ಬೈಟ್ ಸಾಮಾನ್ಯವಾಗಿ ಶುರುವಿನಲ್ಲೇ ಸಿಗುವುದರಿಂದ ಪೂರ್ತಿ ಓದಬೇಕಾಗುವುದು ಖಾಲಿ ಪುಟಗಳನ್ನು ಮಾತ್ರ. ಒಡೆದ ಕಡೆ ವೇಗ ಹೋಗುವುದಂತೂ ಖರೆ. ಅದಕ್ಕೇ ಹ್ಯೂಜ್ ಪೇಜ್‌ನಿಂದ ಕಡಿಮೆ ಲಾಭ ಪಡೆಯುತ್ತಿರುವ ಪ್ರೊಗ್ರಾಂಗಳಿಗೆ ಮೊದಲು ಕೈ ಹಾಕುತ್ತಾರೆ.

"ಹಂಗಾರ ಪೂರ್ತಿ ಬಂದ್ ಮಾಡಿಬಿಡ್ರಿ" ಅನ್ನುವವರಿದ್ದಾರೆ. ರೆಡಿಸ್‌ನವರ ಸಲಹೆಯೂ ಅದೇ. ಆದರೆ ಮೊದಲು ಬಂದ್ ಮಾಡಿ ಎನ್ನುತ್ತಿದ್ದ ಮೊಂಗೋಡಿಬಿ ಡೇಟಾಬೇಸ್ ತನ್ನ 8.0 ಆವೃತ್ತಿಗೆ ಆನ್ ಮಾಡಿ ಎನ್ನುತ್ತಿದೆ. ಎಲ್ಲ ಯಂತ್ರಕ್ಕೂ ಒಂದೇ ಮದ್ದು ಹೇಳುವವರನ್ನು ನಾನಂತೂ ನಂಬುವುದಿಲ್ಲ. ಕೇಳಿದ ಪ್ರೊಗ್ರಾಂಗಷ್ಟೇ ಕೊಡುವ ‘ಎಂಅಡ್ವೈಸ್’ ಎಂಬ ನಡುವಿನ ಆಯ್ಕೆಯೂ ಇದೆ.

ಸೊನ್ನೆ ಹುಡುಕಿ ಒಡೆಯುವ ಇಂಥದೇ ವ್ಯವಸ್ಥೆ 2024ರ ಲಿನಕ್ಸ್ 6.12ರಲ್ಲಿ ಬಂದಿದೆ. ಹೊಸ ಕರ್ನಲ್ ಹಾಕಿದೆ, ಇನ್ನು ನಿಶ್ಚಿಂತೆ ಎನ್ನುವವರು ‘ಮ್ಯಾಕ್ಸ್ ಪಿಟಿಇಎಸ್ ನನ್’ ಎಂಬ ಸೆಟ್ಟಿಂಗ್ ನೋಡಬೇಕು. ಅದರ ಮೂಲ ಬೆಲೆ 511. ಅಂದರೆ 512ರಲ್ಲಿ ಒಂದೇ ಪುಟ ಬಳಕೆಯಲ್ಲಿದ್ದರೂ ಹ್ಯೂಜ್ ಪೇಜ್ ಕಟ್ಟಲು ಅಡ್ಡಿಯಿಲ್ಲ. ಆ ಅಂಕಿಯನ್ನು ಇಳಿಸುವವರೆಗೆ ಒಡೆಯುವ ವ್ಯವಸ್ಥೆ ಯಾವ ಪುಟವನ್ನೂ ಖಾಲಿ ಎಂದು ಪರಿಗಣಿಸುವುದೇ ಇಲ್ಲ.