ಸೈಲೆನ್ಸರ್‌ಗೆ ಬೇರಿಂಗ್ ಹಾಕಿಸಿದ್ದೀರಾ?

ಅಮೆರಿಕದ ಗ್ಯಾರೇಜುಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಿಗೆ ಒಂದು ಪರೀಕ್ಷೆ ಕಾದಿರುತ್ತದೆ. ‘ಇಂಡಿಕೇಟರ್‌ನಲ್ಲಿ ಆಯಿಲ್ ಕಮ್ಮಿಯಾಗಿದೆ, ಒಂದು ಡಬ್ಬಿ ತಗೊಂಡು ಬಾ’ ಎಂದೋ, ‘ಸೈಲೆನ್ಸರ್ ಬೇರಿಂಗ್ ಸವೆದಿದೆ, ಒಂದು ಜೊತೆ ತಾ’ ಎಂದೋ ಹಿರಿಯ ಮೆಕ್ಯಾನಿಕ್ ಮುಖದ ಗೆರೆಯೊಂದೂ ಅಲುಗದಂತೆ ಹೇಳಿ ಕಳಿಸುತ್ತಾನೆ. ಹಳೆಯ ಗಾಡಿಗಳಲ್ಲಿ ಇಂಡಿಕೇಟರ್ ಮಿನುಗುತ್ತಿದ್ದದ್ದು ಬಿಸಿಯಾದಾಗ ಬಾಗುವ ಲೋಹದ ಪಟ್ಟಿಯಿಂದ, ಈಗ ಮಿನುಗುವುದು ಎಲೆಕ್ಟ್ರಾನಿಕ್ ಸರ್ಕ್ಯೂಟಿನಿಂದ. ಯಾವ ಕಾಲದಲ್ಲೂ ಅದಕ್ಕೆ ಆಯಿಲ್ ಹಾಕಿದವರಿಲ್ಲ. ಸೈಲೆನ್ಸರ್ ಒಳಗಂತೂ ತಿರುಗುವ ಭಾಗವೇ ಇಲ್ಲ, ತಿರುಗದ ಕಡೆ ಬೇರಿಂಗಿಗೇನು ಕೆಲಸ? ಟ್ರಕ್ ಹುಚ್ಚಿನವರು ಒಟ್ಟು ಸೇರಿದಾಗಲೂ ಇಂಥ ಇಲ್ಲದ ಬಿಡಿಭಾಗಗಳನ್ನು ಕಟ್ಟಿ ಹೇಳುವ ಪೈಪೋಟಿ ನಡೆಯುತ್ತದೆ. ಅಲ್ಲಿನ ಓರೈಲಿ ಎಂಬ ಬಿಡಿಭಾಗಗಳ ಕಂಪನಿಯೂ ಈ ತಮಾಷೆಗೆ ಕೈಜೋಡಿಸಿ, 1985ರ ‘ಬ್ಯಾಕ್ ಟು ದ ಫ್ಯೂಚರ್’ ಸಿನಿಮಾದ ಕಾಲಯಾನದ ಯಂತ್ರದ ಭಾಗವಾದ ಫ್ಲಕ್ಸ್ ಕೆಪ್ಯಾಸಿಟರನ್ನು ತನ್ನ ಬಿಡಿಭಾಗಗಳ ಪಟ್ಟಿಗೆ ಸೇರಿಸಿಕೊಂಡಿತು. ಸಿನಿಮಾದ ಪ್ರಕಾರ ಅದಕ್ಕೆ 1.21 ಗಿಗಾವಾಟ್ ವಿದ್ಯುತ್ ಬೇಕು. 500 ಅಶ್ವಶಕ್ತಿಯ ಟ್ರಕ್ ಎಂಜಿನ್ನುಗಳು ಮೂರು ಸಾವಿರಕ್ಕೂ ಹೆಚ್ಚು ಒಟ್ಟಿಗೆ ಓಡಿದರೆ ಅಷ್ಟು ಶಕ್ತಿ ಹುಟ್ಟೀತು.

ಈ ಹಾಸ್ಯಪರಂಪರೆಯ ಹಿರಿಯಣ್ಣ ಟರ್ಬೊ ಎನ್‌ಕ್ಯಾಬುಲೇಟರ್. ಜಾನ್ ಹೆಲಿನ್ಸ್ ಕ್ವಿಕ್ ಎಂಬ ವಿದ್ಯಾರ್ಥಿ 1944ರಲ್ಲಿ ಬ್ರಿಟನ್ನಿನ ಎಲೆಕ್ಟ್ರಿಕಲ್ ಎಂಜಿನಿಯರುಗಳ ಸಂಸ್ಥೆಯ ವಿದ್ಯಾರ್ಥಿ ಪತ್ರಿಕೆಯಲ್ಲಿ ಇಲ್ಲದ ಯಂತ್ರವೊಂದರ ವಿವರಣೆ ಬರೆದ. ತಳಹಲಗೆ ಯಾವ ಲೋಹದ್ದು, ದಂಡ ಎಲ್ಲಿ ಕೂರುತ್ತದೆ, ಸುರುಳಿ ಹೇಗೆ ಸುತ್ತಿದೆ ಎಲ್ಲವೂ ಅದರಲ್ಲಿದೆ. ಲೋಹದ ಹೆಸರು, ದಂಡದ ಹೆಸರು ಮಾತ್ರ ಕಟ್ಟುಕತೆ. ವ್ಯಾಕರಣ ಅಚ್ಚುಕಟ್ಟು, ಧಾಟಿ ಗಂಭೀರ, ಅರ್ಥ ಸೊನ್ನೆ. 1946ರಲ್ಲಿ ಅದು ಅಮೆರಿಕದ ಟೈಮ್ ಪತ್ರಿಕೆಯಲ್ಲಿ ಬಂತು. 1977ರಲ್ಲಿ ಡೆಟ್ರಾಯಿಟ್‌ನಲ್ಲಿ ಜಿಎಂಸಿ ಟ್ರಕ್ಕುಗಳ ಚಿತ್ರವೊಂದರ ಕೆಲಸ ಮುಗಿದ ಮೇಲೆ ನಟ ಬಡ್ ಹ್ಯಾಗರ್ಟ್ ಅದೇ ಸ್ಟುಡಿಯೋದಲ್ಲಿ ನಿಂತು ಈ ಪಾಠವನ್ನು ಕ್ಯಾಮೆರಾದೆದುರು ಒಪ್ಪಿಸಿದ. ನೋಡಿದರೆ ಅಪ್ಪಟ ತರಬೇತಿ ಚಿತ್ರ. ತಾಂತ್ರಿಕ ಮಾತಿನ ಲಯವೂ ಅದರ ಹುರುಳೂ ಬೇರೆ ಬೇರೆ ವಸ್ತುಗಳು, ಒಂದನ್ನು ಬಿಟ್ಟು ಇನ್ನೊಂದು ಆರಾಮವಾಗಿ ಬದುಕಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ಸಿಗಲಾರದು. ನನ್ನ ವಾದವೂ ಅಷ್ಟೇ: ಈ ಹರಟೆ ನಮ್ಮ ಕಿವಿಗೆ ಕೊಡುವ ತಾಲೀಮು ವಿಜ್ಞಾನಕ್ಕೆ ಬಹಳ ಬೇಕಾದದ್ದು.

ತಾಲೀಮು ಏಕೆ ಬೇಕೆಂದರೆ, ನಮ್ಮ ಕಿವಿ ಸುಲಭಕ್ಕೆ ಮೋಸಹೋಗುತ್ತದೆ. ಡೀನಾ ವೈಸ್‌ಬರ್ಗ್ ಮತ್ತು ಯೇಲ್ ವಿಶ್ವವಿದ್ಯಾಲಯದ ಅವರ ಸಹೋದ್ಯೋಗಿಗಳು 2008ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಮನಸ್ಸಿನ ವರ್ತನೆಗಳಿಗೆ ಕೆಲವು ಸರಿಯಾದ ವಿವರಣೆ, ಕೆಲವು ಪೊಳ್ಳು ವಿವರಣೆ ಸಿದ್ಧಮಾಡಿ, ಅರ್ಧದಷ್ಟಕ್ಕೆ ಮೆದುಳಿನ ಸ್ಕ್ಯಾನಿನ ಕುರಿತ ಸಂಬಂಧವಿಲ್ಲದ ಮಾತು ಸೇರಿಸಿದರು. ಸಾಮಾನ್ಯ ಓದುಗರಿಗೆ ಆ ಅಲಂಕಾರ ಸೇರಿದ ಪೊಳ್ಳು ವಿವರಣೆ ಹೆಚ್ಚು ತೃಪ್ತಿಕರ ಎನಿಸಿತು. ಅದಾದರೂ ಊಹಿಸಬಹುದಾದ ಸಂಗತಿ. ಆದರೆ ಮೆದುಳಿನ ವಿಜ್ಞಾನದ ತರಗತಿಯಲ್ಲಿ ಕಲಿಯುತ್ತಿದ್ದ ವಿದ್ಯಾರ್ಥಿಗಳೂ ಹಾಗೆಯೇ ಮರುಳಾದರು. ಪಾರಾದವರು ಪರಿಣತರು ಮಾತ್ರ. ಪದಗಳ ಪರಿಚಯವಾದ ಮಾತ್ರಕ್ಕೆ ರಕ್ಷಣೆ ಸಿಗುವುದಿಲ್ಲ ಎಂದಾಯಿತು. ಯೇಲ್‌ನಲ್ಲೇ ರೋಜೆನ್‌ಬ್ಲಿಟ್ ಮತ್ತು ಕೀಲ್ 2002ರಲ್ಲಿ ಇನ್ನೊಂದು ಮುಖ ತೋರಿಸಿದ್ದರು. ಜಿಪ್ಪು, ಬೀಗದಂಥ ವಸ್ತುಗಳು ಹೇಗೆ ಕೆಲಸ ಮಾಡುತ್ತವೆಂದು ಗೊತ್ತೇ ಎಂದು ಕೇಳಿದಾಗ ಜನ ತಮಗೆ ಧಾರಾಳ ಅಂಕ ಕೊಟ್ಟುಕೊಂಡರು. ಸರಿ, ಹಂತಹಂತವಾಗಿ ವಿವರಿಸಿ ಎಂದ ಮೇಲೆ ಅಂಕ ಇಳಿಸಿಕೊಂಡರು.

ಇಲ್ಲೊಂದು ಬಲವಾದ ಆಕ್ಷೇಪವಿದೆ. ವಿಚಿತ್ರವಾಗಿ ಕೇಳಿಸುವುದನ್ನೆಲ್ಲ ನಗೆಯಾಡಿ ತಳ್ಳಿದರೆ ನಿಜವಾದ ತಂತ್ರಜ್ಞಾನವೂ ಕಸದ ಜೊತೆ ಹೋಗುವುದಿಲ್ಲವೇ? ಹೋಗುತ್ತದೆ. ‘ಲಾರಿ ನಿಧಾನಿಸಬೇಕಾದರೆ ಎಂಜಿನ್ನನ್ನೇ ಬ್ರೇಕ್ ಮಾಡಿಕೊಳ್ಳಿ’ ಎಂದರೆ ಸೈಲೆನ್ಸರ್ ಬೇರಿಂಗಿನ ತಮ್ಮನಂತೆ ಕೇಳಿಸುತ್ತದೆ. ಆದರೆ ಅಂಥ ಸಾಧನ ನಿಜಕ್ಕೂ ಇದೆ. 1931ರಲ್ಲಿ ಡೀಸೆಲ್ ಎಂಜಿನ್ ತಯಾರಕ ಕ್ಲೆಸ್ಸಿ ಕಮ್ಮಿನ್ಸ್ ಕ್ಯಾಲಿಫೋರ್ನಿಯಾದ ಕಹೋನ್ ಘಟ್ಟ ಇಳಿಯುವಾಗ ಅವನಿದ್ದ ಡೀಸೆಲ್ ಟ್ರಕ್ಕಿನ ಬ್ರೇಕ್ ಸೋತು, ಕೆಳಗಿನ ಹಳಿಯಲ್ಲಿ ಹಾದುಹೋಗುತ್ತಿದ್ದ ಗೂಡ್ಸ್ ರೈಲಿಗೆ ಡಿಕ್ಕಿಯಾಗುವುದು ಕೂದಲೆಳೆಯಲ್ಲಿ ತಪ್ಪಿತು. ಅವನು ಮುಂದೆ ರೂಪಿಸಿದ ಉಪಾಯವನ್ನು ಜೇಕಬ್ಸ್ ಕಂಪನಿ 1961ರಲ್ಲಿ ಮಾರುಕಟ್ಟೆಗೆ ತಂದಿತು. ಅದು ಕೆಲಸ ಮಾಡುವ ಬಗೆ ಹೀಗೆ: ಇಂಧನ ನಿಲ್ಲುತ್ತದೆ, ಉರುಳುತ್ತಿರುವ ಚಕ್ರಗಳೇ ಪಿಸ್ಟನ್ನನ್ನು ಮೇಲಕ್ಕೆ ತಳ್ಳಿ ಸಿಲಿಂಡರಿನ ಗಾಳಿಯನ್ನು ಅದುಮುತ್ತವೆ. ಹಾಗೇ ಬಿಟ್ಟರೆ ಅದುಮಿದ ಗಾಳಿ ಸ್ಪ್ರಿಂಗಿನಂತೆ ಪಿಸ್ಟನ್ನನ್ನು ಮರಳಿ ನೂಕಿ, ಪಡೆದ ಶಕ್ತಿಯನ್ನು ಬಹುಮಟ್ಟಿಗೆ ವಾಪಸು ಕೊಡುತ್ತಿತ್ತು. ಅಷ್ಟರಲ್ಲಿ, ಪಿಸ್ಟನ್ ತುತ್ತತುದಿ ಮುಟ್ಟುವ ಹೊತ್ತಿಗೆ, ಹೊಗೆ ಹೊರಹೋಗುವ ವಾಲ್ವ್ ತೆರೆದುಬಿಡುತ್ತದೆ. ಲಾರಿಯ ವೇಗದಲ್ಲಿದ್ದ ಶಕ್ತಿ ಬಿಸಿಯಾಗಿ, ಗುಡುಗಿನಂಥ ಸದ್ದಾಗಿ ಹೊರಗೆ. ಆ ಸದ್ದು ತಾಳಲಾರದೆ ಅಮೆರಿಕದ ಎಷ್ಟೋ ಊರುಗಳು ಎಂಜಿನ್ ಬ್ರೇಕ್ ಹಾಕಬೇಡಿ ಎಂದು ಬೋರ್ಡು ನೆಟ್ಟಿವೆ. ಇನ್ನು ‘ಲಾರಿಗೆ ಯೂರಿಯಾ ಹಾಕಿಸಿ’ ಎಂದರೆ? ನಮ್ಮ ರಸ್ತೆಗಳ ಬಿಎಸ್-6 ಲಾರಿಗಳ ಚಾಲಕರು ಅದನ್ನೇ ಮಾಡುತ್ತಿದ್ದಾರೆ. ಶೇಕಡಾ 32.5 ಯೂರಿಯಾ, ಉಳಿದದ್ದು ಶುದ್ಧ ನೀರು. ಈ ದ್ರವ ಬಿಸಿ ಹೊಗೆಗೆ ಸಿಂಪಡಣೆಯಾಗಿ ಅಮೋನಿಯಾ ಆಗುತ್ತದೆ. ಅಮೋನಿಯಾ ಹೊಗೆಯ ನೈಟ್ರೋಜನ್ ಆಕ್ಸೈಡುಗಳ ಜೊತೆ ವರ್ತಿಸಿ, ನಿರಪಾಯದ ನೈಟ್ರೋಜನ್ ಮತ್ತು ನೀರಾವಿ ಹೊರಬರುತ್ತವೆ.

ಹಾಗಾದರೆ ನಿಜವನ್ನು ತಮಾಷೆಯಿಂದ ಬೇರ್ಪಡಿಸುವುದು ಹೇಗೆ? ವಿಚಿತ್ರವೋ ಸಹಜವೋ ಎಂಬುದು ಅಳತೆಗೋಲಾಗದು; ಒಳಗೆ ಹೋದದ್ದಕ್ಕೂ ಹೊರಗೆ ಬಂದದ್ದಕ್ಕೂ ಲೆಕ್ಕ ಸಿಗಬೇಕು. ಎಂಜಿನ್ ಬ್ರೇಕಿನಲ್ಲಿ ಶಕ್ತಿಯ ಲೆಕ್ಕ ಸಿಗುತ್ತದೆ, ಯೂರಿಯಾದಲ್ಲಿ ಪರಮಾಣುಗಳ ಲೆಕ್ಕ ಸಿಗುತ್ತದೆ. ಈಗ ಮೈಲೇಜ್ ಹೆಚ್ಚಿಸುತ್ತದೆಂದು ಮಾರುವ ನೀರಿನ ಕಿಟ್ ನೋಡೋಣ. ಬಾನೆಟ್ ಕೆಳಗೆ ನೀರಿನ ಬಾಟಲಿ, ಅದಕ್ಕೆ ಬ್ಯಾಟರಿಯ ತಂತಿ; ನೀರು ಒಡೆದು ಹೈಡ್ರೋಜನ್, ಅದು ಎಂಜಿನ್ನಿಗೆ. 18 ಗ್ರಾಂ ನೀರು ಒಡೆಯಲು ಕನಿಷ್ಠ 286 ಕಿಲೋಜೂಲ್ ಬೇಕು. ಬಂದ ಹೈಡ್ರೋಜನ್ ಉರಿದರೆ ಸಿಗುವುದೂ ಅದೇ 286. ಒಳ್ಳೆಯ ಡೀಸೆಲ್ ಎಂಜಿನ್ ಅದರಲ್ಲಿ ಸುಮಾರು ಶೇಕಡಾ 40 ಭಾಗವನ್ನು ಮಾತ್ರ ಕೆಲಸಕ್ಕೆ ತಿರುಗಿಸೀತು. ಬ್ಯಾಟರಿ ತುಂಬಿದ್ದು ಆಲ್ಟರ್ನೇಟರ್, ಆಲ್ಟರ್ನೇಟರ್ ತಿರುಗಿಸಿದ್ದು ಅದೇ ಎಂಜಿನ್, ಅದು ಕುಡಿದದ್ದು ಡೀಸೆಲ್. ಪ್ರತಿ ಸುತ್ತಿನಲ್ಲೂ ನಷ್ಟ. ಹೈಡ್ರೋಜನ್ ಇಂಧನವಾಗಿ ಬೇಡ, ಡೀಸೆಲ್ ಪೂರ್ತಿ ಉರಿಯಲು ನೆರವಾಗುತ್ತದೆ ಎಂದು ಮಾರುವವರು ದಾರಿ ಬದಲಿಸುವುದುಂಟು. ಸುಸ್ಥಿತಿಯ ಡೀಸೆಲ್ ಎಂಜಿನ್ನಿನಲ್ಲಿ ಇಂಧನ ಹೆಚ್ಚುಕಡಿಮೆ ಪೂರ್ತಿ ಉರಿದೇ ಹೋಗುತ್ತದೆ, ಸೋರಿಹೋಗುವುದು ಶಾಖ. ಇಲ್ಲದ ಕೊರತೆಗೆ ಪರಿಹಾರ ಮಾರುವುದೂ ಇಂಡಿಕೇಟರ್ ಆಯಿಲ್ ಮಾರುವುದೂ ಒಂದೇ, ಹಣ ಕಿತ್ತುಕೊಳ್ಳುವುದೊಂದು ವ್ಯತ್ಯಾಸ.

ಹೊಸಬನನ್ನು ನಗೆಗೀಡು ಮಾಡುವ ಈ ಚಾಳಿ ಒಳ್ಳೆಯದೇ ಎಂದು ಕೇಳಿದರೆ, ಒಳ್ಳೆಯದಲ್ಲವೆಂದು ಒಪ್ಪಬೇಕು. ಕೇಳಿದರೆ ನಗುತ್ತಾರೆಂದು ಹೆದರಿದ ಹುಡುಗ ಬ್ರೇಕಿನ ಬಗ್ಗೆಯೂ ಬಾಯಿಬಿಡುವುದಿಲ್ಲ, ಅದು ಅಪಾಯ. ಸರೀಕರು ತಮ್ಮತಮ್ಮಲ್ಲಿ ಆಡುವ ಹರಟೆಗೆ ಆ ದೋಷವಿಲ್ಲ. ಅಲ್ಲಿ ಸುಳ್ಳು ಯಂತ್ರ ಕಟ್ಟಬೇಕಾದರೆ ನಿಜವಾದ ಯಂತ್ರ ಗೊತ್ತಿರಲೇಬೇಕು. ಸೈಲೆನ್ಸರ್ ಒಳಗೆ ಏನೂ ತಿರುಗುವುದಿಲ್ಲವೆಂದು ತಿಳಿದವನಿಗೇ ಅದರ ಬೇರಿಂಗಿನ ನಗು ದಕ್ಕುವುದು. ಎಲ್ಲರೂ ಪರಿಣತರಾಗಲು ಸಾಧ್ಯವಿಲ್ಲ ಎನ್ನುವವರಿಗೆ ಉತ್ತರ: ಶಕ್ತಿ ಎಲ್ಲಿಂದ ಬಂತು, ಯಾವ ಭಾಗ ಯಾವುದನ್ನು ತಿರುಗಿಸುತ್ತದೆ ಎಂದು ಕೇಳಲು ಪದವಿ ಬೇಕಿಲ್ಲ. ಅಳೆದು ನೋಡುವ ಕೆಲಸವನ್ನು ಅಮೆರಿಕದ ಪರಿಸರ ರಕ್ಷಣಾ ಸಂಸ್ಥೆ ಮಾಡಿದೆ. ಇಂಧನ ಉಳಿಸುತ್ತವೆ ಎನ್ನಲಾದ ನೂರಕ್ಕೂ ಹೆಚ್ಚು ಸಾಧನಗಳನ್ನು ಅದು ಪರಿಶೀಲಿಸಿತು. ಬೆರಳೆಣಿಕೆಯವು ಅಲ್ಪಸ್ವಲ್ಪ ಉಳಿತಾಯ ತೋರಿಸಿದವು. ಮೈಲೇಜನ್ನು ಗಣನೀಯವಾಗಿ ಹೆಚ್ಚಿಸಿದ್ದು ಒಂದೂ ಸಿಗಲಿಲ್ಲ.