ತೋನ್ಸೆಪಾರಿನಲ್ಲಿ ಒಂದು ಹಗಲು

ಉಡುಪಿಗೆ ಹೋದವರಲ್ಲಿ ಹೆಚ್ಚಿನವರು ಶ್ರೀಕೃಷ್ಣನ ದರ್ಶನ ಮಾಡಿ, ಊಟ ಮುಗಿಸಿ, ಮಲ್ಪೆಯ ದಂಡೆಯಲ್ಲಿ ಕಾಲು ತೋಯಿಸಿಕೊಂಡು ಹಿಂದಿರುಗುತ್ತಾರೆ. ಸ್ವಲ್ಪ ಬಿಡುವಿದ್ದವರು ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪವನ್ನೂ ಮುಟ್ಟಿಬರುವುದುಂಟು. ಊರವರು ಇದನ್ನು ತೋನ್ಸೆಪಾರ್ ಎನ್ನುತ್ತಾರೆ. ತೆಂಗಿನ ಮರಗಳಿರುವುದರಿಂದ ತೆಂಗಿನ ದ್ವೀಪವೆಂದೂ ಕರೆಯುವುದುಂಟು. ಆದರೆ ಹೋದವರು ಒಂದು ಗಂಟೆಯೊಳಗೆ ನಾಲ್ಕು ಛಾಯಾಚಿತ್ರಗಳನ್ನು ತೆಗೆದುಕೊಂಡು ಮರಳುವುದೇ ವಾಡಿಕೆ. ಇಷ್ಟು ಅವಸರದವರಿಗೆ ಈ ದ್ವೀಪ ಏನನ್ನೂ ಹೇಳುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಅರ್ಧ ಕಿಲೋಮೀಟರಿನಷ್ಟು ಉದ್ದ, ನೂರು ಮೀಟರಿನ ಆಚೀಚೆ ಅಗಲವಿರುವ ಈ ನೆಲದಲ್ಲಿ ಒಂದು ಹಗಲನ್ನು ಸಾವಕಾಶವಾಗಿ ಕಳೆಯುವಷ್ಟು ಸಂಗತಿಗಳಿವೆ.

ಹೋಗುವ ಕ್ರಮವನ್ನು ಮೊದಲು ಹೇಳಿಬಿಡುತ್ತೇನೆ. ಉಡುಪಿಯಿಂದ ಮಲ್ಪೆಗೆ ಬಸ್ಸಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ದೋಣಿಗಳು ಬಂದರಿನಿಂದ ಹೊರಡುತ್ತವೆ. ಸಾಕಷ್ಟು ಜನ ಕೂಡುವವರೆಗೆ ಕಾಯಬೇಕು. ಭಾನುವಾರವಾದರೆ ಕಾಯುವುದು ಕಡಿಮೆ, ನೂಕುನುಗ್ಗಲು ಹೆಚ್ಚು. ಆದ್ದರಿಂದ ಕಳೆದ ಡಿಸೆಂಬರಿನಲ್ಲಿ ನಾವು ಏಳು ಮಂದಿ ಸಹಪಾಠಿಗಳು ವಾರದ ನಡುವಿನ ಒಂದು ದಿನವನ್ನೇ ಆರಿಸಿಕೊಂಡೆವು. ಬೇಗ ಬಂದು ಕಾಯುವುದೂ ನಷ್ಟವಲ್ಲ. ಮಲ್ಪೆ ನಮ್ಮ ರಾಜ್ಯದ ದೊಡ್ಡ ಮೀನುಗಾರಿಕೆಯ ಬಂದರು. ಸಾಲುಸಾಲಾಗಿ ನಿಂತ ದೋಣಿಗಳು, ಬಲೆ ಹೊಲಿಯುವವರು, ಬುಟ್ಟಿಗಳ ಸುತ್ತ ಏಲದ ಕೂಗು, ಮೇಲೆ ಹದ್ದುಗಳು: ಬಯಲುಸೀಮೆಯಿಂದ ಹೋದ ನಮಗೆ ಇದೇ ಒಂದು ಪ್ರದರ್ಶನವಾಗಿತ್ತು. ವಾಸನೆಯ ಮಾತು ಬೇರೆ. ಹತ್ತು ನಿಮಿಷದಲ್ಲಿ ಮೂಗು ಒಪ್ಪಿಕೊಳ್ಳುತ್ತದೆ.

ದಡದಿಂದ ದ್ವೀಪಕ್ಕೆ ಸುಮಾರು ಆರು ಕಿಲೋಮೀಟರು. ನಾವು ಹೋದ ದಿನ ದೊಡ್ಡ ದೋಣಿ ದ್ವೀಪದ ಹತ್ತಿರ ನೀರಿನಲ್ಲೇ ನಿಂತಿತು. ಅಲ್ಲಿಂದ ಚಿಕ್ಕ ದೋಣಿಗೆ ದಾಟಿ ಇಳಿಯಬೇಕಾಯಿತು. ಮಳೆಗಾಲದಲ್ಲಿ, ಅಂದರೆ ಜೂನಿನಿಂದ ಕೆಲವು ತಿಂಗಳು, ಈ ಸಂಚಾರವೇ ಇಲ್ಲ. ನೈಋತ್ಯದ ಗಾಳಿ ಎಬ್ಬಿಸುವ ಅಲೆಗಳಲ್ಲಿ ಹೀಗೆ ದೋಣಿಯಿಂದ ದೋಣಿಗೆ ಕಾಲಿಡುವುದನ್ನು ಊಹಿಸಿಕೊಂಡರೆ ಕಾರಣ ತಾನಾಗಿ ತಿಳಿಯುತ್ತದೆ. ರಾತ್ರಿ ಅಲ್ಲಿ ತಂಗುವಂತಿಲ್ಲ. ಸಾವಕಾಶವಾಗಿ ಇರಬೇಕೆನ್ನುವವರು, ಬೇರೊಂದು ದೋಣಿಯಲ್ಲಿ ಮರಳಬಹುದೆ, ಕಡೆಯ ದೋಣಿ ಯಾವಾಗ ಎಂಬುದನ್ನು ಹತ್ತುವ ಮುನ್ನವೇ ಕೇಳಿ ಗೊತ್ತುಮಾಡಿಕೊಳ್ಳಬೇಕು. ಕುಡಿಯುವ ನೀರನ್ನೂ ಬುತ್ತಿಯನ್ನೂ ಕಟ್ಟಿಕೊಂಡು ಹೋಗುವುದು ಲೇಸು.

ಇನ್ನು ಕಲ್ಲುಗಳ ವಿಷಯ. ದ್ವೀಪದ ಪಶ್ಚಿಮದ ಕಡೆಗೆ ನಡೆದರೆ ಯಾರೋ ಶಿಲ್ಪಿ ಕಡೆದು ಒತ್ತೊತ್ತಾಗಿ ನಿಲ್ಲಿಸಿದಂತೆ ಕಲ್ಲಿನ ಕಂಬಗಳು ಎದ್ದು ನಿಂತಿವೆ. ಕೆಲವು ಆಳೆತ್ತರವನ್ನು ಮೀರಿವೆ. ಕೆಲವು ಮೊಣಕಾಲಿನಷ್ಟೇ ಇದ್ದು, ಮೇಲಿನಿಂದ ನೋಡಿದರೆ ಹಾಸುಗಲ್ಲಿನ ಅಂಗಳದಂತೆ ತೋರುತ್ತವೆ. ಮುಖಗಳನ್ನು ಎಣಿಸುತ್ತ ಹೋದೆವು. ಆರು ಮುಖದವು ಬಹಳ. ಐದರವೂ ಏಳರವೂ ಉಂಟು.

ಇದು ಆದ ಬಗೆಯನ್ನು ತಿಳಿಯಲು ನಮ್ಮೂರಿನ ಕೆರೆಯೇ ಸಾಕು. ಬೇಸಗೆಯಲ್ಲಿ ಕೆರೆ ಬತ್ತಿದಾಗ ತಳದ ಎರೆಮಣ್ಣು ಬಿರಿದು ಹೆಂಟೆಹೆಂಟೆಯಾಗುವುದನ್ನು ನೋಡದವರಾರು? ನೀರು ಆರಿದಂತೆ ಮಣ್ಣು ಕುಗ್ಗುತ್ತದೆ. ಕುಗ್ಗಲು ಎಡೆಯಿಲ್ಲದೆ ಸೀಳುತ್ತದೆ. ಇಲ್ಲಿ ಮಣ್ಣಿನ ಬದಲು ಭೂಗರ್ಭದಿಂದ ಉಕ್ಕಿದ ಲಾವಾರಸ. ನೀರಿನ ಬದಲು ಶಾಖ. ಮೈ ತಣಿದು ಗಟ್ಟಿಯಾದಾಗ ಮೇಲೆ ಬಿರುಕುಗಳು ಮೂಡಿದುವು. ಒಂದು ಬಿಂದುವಿನಲ್ಲಿ ಮೂರು ಬಿರುಕುಗಳು ಸಮಕೋನಗಳಲ್ಲಿ, ಅಂದರೆ 120 ಡಿಗ್ರಿಯ ಅಂತರದಲ್ಲಿ, ಕೂಡಿದರೆ ಎಳೆತ ಎಲ್ಲ ಕಡೆಗೂ ಸರಿಯಾಗಿ ಸಡಿಲುತ್ತದೆ. ಅಂಥ ಬಿಂದುಗಳನ್ನು ಸೇರಿಸಿದರೆ ಜೇನುಗೂಡಿನ ಷಟ್ಕೋನ ಸಿದ್ಧ. ತಂಪು ಒಳಕ್ಕೆ ಇಳಿದಂತೆ ಬಿರುಕುಗಳೂ ಅದನ್ನು ಹಿಂಬಾಲಿಸಿ ಇಳಿದುವು. ಮೇಲೆ ಷಟ್ಕೋನವಾಗಿದ್ದದ್ದು ಕೆಳಗಿನವರೆಗೆ ಕಂಬವಾಯಿತು. ಉತ್ತರ ಐರ್ಲೆಂಡಿನ ‘ಜಯಂಟ್ಸ್ ಕಾಸ್‌ವೇ’ ಎಂಬ ಪ್ರಸಿದ್ಧ ಕಡಲತೀರವೂ ಹೀಗೆಯೇ ಆದದ್ದು. ನಡುವೆ ಒಂದು ಭೇದವಿದೆ. ಅಲ್ಲಿಯದು ಬಸಾಲ್ಟ್ ಶಿಲೆ. ಇಲ್ಲಿಯದು ರಯೋಲೈಟ್ ಜಾತಿಯದು, ಸಿಲಿಕಾ ಹೆಚ್ಚಾಗಿರುವುದು, ಗುಣದಲ್ಲಿ ಗ್ರಾನೈಟಿಗೆ ನಂಟು. ಇದು ಕರಗಿದಾಗಲೂ ನೀರಿನಂತೆ ಹರಿಯದೆ, ಗಟ್ಟಿಯಾಗುತ್ತಿರುವ ಬೆಲ್ಲದ ಪಾಕದಂತೆ ಮಂದವಾಗಿ ಚಲಿಸುವಂಥದು.

ವಿಜಯಪುರ, ಕಲಬುರಗಿಗಳ ಕಡೆ ಹರಡಿರುವ ದಖ್ಖನ್ನಿನ ಕಪ್ಪು ಶಿಲೆಯ ಒಂದು ತುಣುಕು ಇದಾಗಿರಬೇಕೆಂದು ಯಾರಿಗಾದರೂ ತೋರಬಹುದು. ಹಾಗಲ್ಲ. ದಖ್ಖನ್ನಿನ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ತೋನ್ಸೆಪಾರಿನ ಕಲ್ಲಿಗೆ ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷ ವಯಸ್ಸೆಂದು ವಿಜ್ಞಾನಿಗಳು ಅಳೆದಿದ್ದಾರೆ. ಇದೇ ವಯಸ್ಸಿನ ಜ್ವಾಲಾಮುಖಿಯ ಶಿಲೆಗಳು ಎಲ್ಲಿವೆ ಎಂದರೆ, ಇಲ್ಲಿಂದ ನಾಲ್ಕು ಸಾವಿರ ಕಿಲೋಮೀಟರಿನಷ್ಟು ದೂರದ ಮಡಗಾಸ್ಕರಿನಲ್ಲಿ! ಆಗ ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡಿತ್ತು. ಎರಡೂ ಬೇರೆಯಾಗುವ ಕಾಲದಲ್ಲಿ ಉಕ್ಕಿದ ರಸವೇ ಈ ಕಂಬಗಳು. ಒಂದು ಕುಟುಂಬ ಪಾಲಾದಾಗ ಹುಟ್ಟಿದ ಪಾಲುಪಟ್ಟಿಯೆಂದು ಇದನ್ನು ಕರೆಯಬಹುದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯವರು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಒಂದೆಂದು ಎಣಿಸಿರುವುದು ಸುಮ್ಮನೆ ಅಲ್ಲ. ನಾವಿದ್ದಾಗಲೇ ಒಬ್ಬ ತರುಣ ಬೀಗದ ಕೈಯಿಂದ ತನ್ನ ಹೆಸರಿನ ಮೊದಲಕ್ಷರವನ್ನು ಒಂದು ಕಂಬದ ಮೇಲೆ ಕೆತ್ತುತ್ತಿದ್ದ. ಮಹಾಪತ್ರಕ್ಕೆ ಸಾಕ್ಷಿ ಹಾಕುವ ಉತ್ಸಾಹವೋ ಏನೋ!

ಹೆಸರಿನ ಕಥೆಗೂ ಒಂದು ತಿದ್ದುಪಡಿ ಬೇಕು. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಹೋಗುವ ಮುನ್ನ ಇಲ್ಲಿ ಇಳಿದು ಶಿಲುಬೆ ನೆಟ್ಟನೆಂದು ಬಹುಮಂದಿ ಹೇಳುತ್ತಾರೆ. ಅವನ ಹಡಗುಗಳಲ್ಲಿದ್ದವನೊಬ್ಬ ಬರೆದ ದಿನಚರಿ ಬೇರೆ ಹೇಳುತ್ತದೆ. ಪೋರ್ಚುಗೀಸರು ಕಲ್ಲಿಕೋಟೆಯಲ್ಲಿ ಮಳೆಗಾಲ ಕಳೆದು, ಆಗಸ್ಟಿನ ಕೊನೆಗೆ ಹೊರಟು, ಉತ್ತರಕ್ಕೆ ಸಾಗುತ್ತ, ಸೆಪ್ಟೆಂಬರ್ ಮಧ್ಯದಲ್ಲಿ ತೀರದ ಸಮೀಪದ ಒಂದು ಕಿರುದ್ವೀಪದಲ್ಲಿ ಕಲ್ಲಿನ ಸ್ತಂಭವನ್ನು ನಿಲ್ಲಿಸಿದರು. ಅದಕ್ಕೆ ಸಾಂತಾ ಮರಿಯ ಎಂದು ಹೆಸರು. ಹೀಗೆ ನಿಲ್ಲಿಸಲು ದೊರೆ ಕೊಟ್ಟಿದ್ದ ಮೂರು ಸ್ತಂಭಗಳಲ್ಲಿ ಇದೇ ಕಡೆಯದು. ಎಂದರೆ ಇದು ಬರುವ ದಾರಿಯ ಗುರುತಲ್ಲ, ಮರಳುವ ದಾರಿಯದು. ಆ ಕಿರುದ್ವೀಪ ಈ ಗುಂಪಿನದೇ ಎಂದು ನಂಬಲಾಗಿದೆ. ಆ ಸ್ತಂಭವನ್ನು ಇಂದು ಕಾಣಲು ಸಿಗುವುದಿಲ್ಲ. ಪ್ರಕೃತಿ ನಿಲ್ಲಿಸಿದ ಕಂಬಗಳು ಮಾತ್ರ ಹಾಗೆಯೇ ನಿಂತಿವೆ. ಗುಂಪಿನ ಇನ್ನೊಂದಾದ ದರಿಯಾ ಬಹಾದ್ದೂರ್ ಗಡದಲ್ಲಿ ಬಿದನೂರಿನ ಬಸಪ್ಪನಾಯಕ ಕಟ್ಟಿಸಿದ ಕೋಟೆಯ ಅವಶೇಷವಿದೆ. ನಾವು ಅಲ್ಲಿಗೆ ಹೋಗಲಿಲ್ಲ.

ಕಂಬಗಳಿಂದ ಕಡಲಿಗೆ ಬರೋಣ. ನನ್ನ ಸಹಪಾಠಿಗಳಿಗೆ ಮುಖ್ಯವಾಗಿ ಹೇಳಬೇಕಾದದ್ದು ಇಲ್ಲಿದೆ. 2022ರ ಏಪ್ರಿಲ್ ತಿಂಗಳಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಕಾಲೇಜೊಂದರ ಮೂವರು ವಿದ್ಯಾರ್ಥಿಗಳು ಇದೇ ದ್ವೀಪದ ಅಂಚಿನಲ್ಲಿ ಅಲೆಯ ಪಾಲಾದರು. ನಮ್ಮ ವಯಸ್ಸಿನವರೇ. ಕಲ್ಲಿನ ಮೆಟ್ಟಿಲುಗಳಂತೆ ಕಾಣುವ ಈ ಅಂಚು ಬಹಳ ಮೋಸದ್ದು. ಮರಳಿನ ದಂಡೆಯಲ್ಲಿ ಆಳ ಮೆಲ್ಲಮೆಲ್ಲನೆ ಬರುತ್ತದೆ; ಇಲ್ಲಿ ಒಂದು ಹೆಜ್ಜೆ ಮೊಣಕಾಲಿನ ನೀರಾದರೆ ಮುಂದಿನದಕ್ಕೆ ತಳವೇ ಇಲ್ಲದಿರಬಹುದು. ಹತ್ತು ಸಣ್ಣ ಅಲೆಗಳ ಹಿಂದೆ ಒಂದು ದೊಡ್ಡದು ಬರುತ್ತದೆ. ಬಂದದ್ದು ಹಿಂದಿರುಗುವಾಗ ಕಾಲನ್ನು ಸೆಳೆಯುತ್ತದೆ. ಮೇಲಾಗಿ ಉಬ್ಬರ ಇಳಿತಗಳು ಸುಮಾರು ಆರು ಗಂಟೆಗೊಮ್ಮೆ ಬದಲಾಗುತ್ತವೆ. ನಾವು ಬೆಳಿಗ್ಗೆ ಕುಳಿತು ತಿಂಡಿ ತಿಂದ ಒಂದು ಬಂಡೆಯ ಕಡೆಗೆ ಮತ್ತೆ ಹೊರಟಾಗ ದೋಣಿಯ ಮುದುಕರೊಬ್ಬರು ಕೂಗಿ ತಡೆದರು.

“ಆ ಕಲ್ಲು ಈಗ ಬೆಳಗ್ಗಿನ ಕಲ್ಲು ಅಲ್ಲ ಮಾರಾಯ್ರೆ. ಹಸುರು ಕಂಡಲ್ಲಿ ಕಾಲಿಡುವುದೇ ಬೇಡ. ನಾವೇ ಇಡುವುದಿಲ್ಲ.”

“ನೀವು ಈ ಕಡಲಲ್ಲೇ ಹುಟ್ಟಿ ಬೆಳೆದವರಲ್ಲವೆ?” ಎಂದು ನಮ್ಮವನೊಬ್ಬ ಕೇಳಿದ.

“ಹೌದು, ಅದಕ್ಕೇ ಇಡುವುದಿಲ್ಲ” ಎಂದರು ಅವರು.

ನೋಡಹೋದಾಗ ಆ ಬಂಡೆಯ ತುದಿ ಮಾತ್ರ ನೀರಿನ ಮೇಲಿತ್ತು. ಅದರ ಮೇಲೆ ಪಾಚಿ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಒಂದು ಗಂಟೆಗೆಂದು ಬಂದವನಿಗೆ ನೀರು ಏರುವುದು ಕಾಣುವುದೇ ಇಲ್ಲ. ಅರ್ಧ ದಿನ ಕುಳಿತವನಿಗೆ ಮಾತ್ರ ಕಾಣುತ್ತದೆ. ಕಾವಲಿನವರು ಊದುವ ಸೀಟಿಗೆ ನಗುವವರು ಇದನ್ನು ಗಮನಿಸಬೇಕು.

ಮಧ್ಯಾಹ್ನದ ಬಿಸಿಲಿಗೆ ಕಲ್ಲು ಕಾಯುತ್ತದೆ. ಆಗ ತೆಂಗಿನ ನೆರಳೇ ಗತಿ. ದಂಡೆಯ ಕೆಲವೆಡೆ ಮರಳಿಗಿಂತ ಚಿಪ್ಪುಗಳೇ ಹೆಚ್ಚು. ಕಾಲಿಟ್ಟರೆ ಗಲಗಲ ಸದ್ದು. ಜೇಬು ತುಂಬಿಕೊಳ್ಳುವ ಆಸೆ ಎಲ್ಲರಿಗೂ ಆಗುತ್ತದೆ. ನೋಡಿ ಅಲ್ಲೇ ಬಿಡುವುದು ಚೆನ್ನು. ಸೂರ್ಯಾಸ್ತವನ್ನು ದ್ವೀಪದಿಂದ ನೋಡುವ ಆಸೆಯಿದ್ದವರು ಅದನ್ನು ಬಿಟ್ಟುಬಿಡಬೇಕು, ಏಕೆಂದರೆ ಕಡೆಯ ದೋಣಿ ಅದಕ್ಕಾಗಿ ನಿಲ್ಲುವುದಿಲ್ಲ. ಮಲ್ಪೆಗೆ ಮರಳಿದ ಮೇಲೆ ಉಡುಪಿಯ ಬಸ್ಸಿಗೆ ಇನ್ನೂ ಹೊತ್ತಿರುತ್ತದೆ. ದಂಡೆಯಲ್ಲಿ ಕುಳಿತರೆ ಸೂರ್ಯ ದ್ವೀಪಗಳ ಆಚೆ ಇಳಿಯುವುದನ್ನು ಅಲ್ಲಿಂದಲೇ ನೋಡಬಹುದು.